ಸಾಕವ್ವನ ಹುಂಜ, ಸಾಹುಕಾರನ ಕಡ್ಲೆಕಾಯಿ

ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಎರಡು ವಸ್ತುಗಳು ಕಾಣೆಯಾಗುತ್ತವೆ. ಒಂದರ ಬಗ್ಗೆ ನಮ್ಮ ವಿಮರ್ಶಕರು ಬೇಕಾದಷ್ಟು ಬರೆದಿದ್ದಾರೆ. ಕದ್ದು ತಂದ ಕಡ್ಲೆಕಾಯಿಯ ಸುತ್ತ ಕೂತು ಸಾಕವ್ವನ ಮನೆಮಂದಿಯೆಲ್ಲ ರಾತ್ರಿ ತಿನ್ನುವ ಭಾಗ ಅದು. ಹಸಿವು ಹಬ್ಬವಾಗುವ ಆ ರಾತ್ರಿಯನ್ನೂ ಗೋಡೆಯ ಮೇಲೆ ಪುಟ್ಟಗೌರಿ ಬಿಡಿಸುವ ನವಿಲನ್ನೂ ಜೀವನಪ್ರೀತಿ ಎಂದು ಕರೆದು ನಮ್ಮ ವಿಮರ್ಶೆ ಕೈತೊಳೆದುಕೊಂಡಿದೆ. ಇನ್ನೊಂದು, ಸಾಕವ್ವನ ಹುಂಜ. ಕಡ್ಲೆಕಾಯಿ ಹೋದದ್ದಕ್ಕೆ ಪೊಲೀಸರು ಬಂದು ಮನೆ ಜಾಲಾಡುತ್ತಾರೆ. ಹುಂಜ ಹೋದದ್ದಕ್ಕೆ ಯಾರೂ ಬರುವುದಿಲ್ಲ. ಆ ಮುದುಕಿಯ ಬಾಯೇ ಅದಕ್ಕೆ ಠಾಣೆ, ಅವಳ ಶಾಪವೇ ಎಫ್‌ಐಆರ್.

ಇವೆರಡನ್ನೂ ಒಟ್ಟಿಗಿಟ್ಟು ಓದಬೇಕು ಎನ್ನುವುದು ನನ್ನ ವಾದ. ಹಾಗೆ ಓದಿದರೆ ಈ ಕೃತಿ ಹಸಿವಿನ ಕತೆಯಾಗಿರುವಷ್ಟೇ ಹಳ್ಳಿಯ ಅಪರಾಧಶಾಸ್ತ್ರವೂ ಆಗಿದೆ. ಏನು ಹೋಯಿತು ಎಂಬುದಕ್ಕಿಂತ ಯಾರದು ಹೋಯಿತು ಎಂಬುದರ ಮೇಲೆ ಕಳವು ಕಳವಾಗುತ್ತದೆ. ಕೇರಿಯವನು ಊರಿನವನ ಹೊಲದ ಬದು ದಾಟಿದರೆ ಅದು ಅತಿಕ್ರಮ. ಊರಿನವನು ಕೇರಿಯವನ ಬದುವನ್ನೇ ಒತ್ತಿಕೊಂಡು ಉತ್ತರೆ ಅದಕ್ಕೆ ‘ಗಡಿ ತಂಟೆ’ ಅಂತ ಹೆಸರು. ಭಾಷೆಯೇ ಇಲ್ಲಿ ಪಂಚಾಯ್ತಿ ಮುಗಿಸಿಬಿಟ್ಟಿರುತ್ತದೆ.

ಇದಕ್ಕೆ ಒಂದು ಚರಿತ್ರೆ ಇದೆ. ವಸಾಹತು ಸರ್ಕಾರ 1871ರಲ್ಲಿ ಎರಡು ಕಾಯ್ದೆಗಳನ್ನು ತಂದಿತು. ಒಂದು ದನಗಳ ಅತಿಕ್ರಮ ಪ್ರವೇಶದ ಕಾಯ್ದೆ. ಬೆಳೆಗೆ ನುಗ್ಗಿದ ದನವನ್ನು ಹಿಡಿದು ದೊಡ್ಡಿಗೆ ಕೂಡುವ ಅಧಿಕಾರ ಹೊಲದವನಿಗೆ ಸಿಕ್ಕಿತು. ದಂಡ ಕಟ್ಟಿ ಬಿಡಿಸಿಕೊಳ್ಳದಿದ್ದರೆ ಹರಾಜು. ಇನ್ನೊಂದು ಅಪರಾಧಿ ಬುಡಕಟ್ಟುಗಳ ಕಾಯ್ದೆ. ಹುಟ್ಟಿದ ಜಾತಿಯ ಕಾರಣಕ್ಕೇ ಜನರ ಹೆಸರನ್ನು ಪಟ್ಟಿಗೆ ಸೇರಿಸಿ, ಗೊತ್ತುಮಾಡಿದ ಎಲ್ಲೆ ದಾಟಿದರೆ ಹಿಡಿಯುವ ಅವಕಾಶ ಅದರಲ್ಲಿತ್ತು. ಮೊದಲು ಉತ್ತರದ ಸೀಮೆಗಳಿಗಿದ್ದ ಈ ಕಾನೂನು 1911ರ ಹೊಸ ಕಾಯ್ದೆಯ ಮೂಲಕ ದೇಶಕ್ಕೆಲ್ಲ ಬಂತು. ನಮ್ಮ ಹುಬ್ಬಳ್ಳಿಯಲ್ಲೂ ಬೇಲಿ ಹಾಕಿದ ಸೆಟ್ಲ್‌ಮೆಂಟ್ ಇತ್ತು. ಒಂದೇ ವರ್ಷದಲ್ಲಿ ದನಕ್ಕೊಂದು ದೊಡ್ಡಿ, ಮನುಷ್ಯರಿಗೊಂದು ದೊಡ್ಡಿ! ಎರಡನೆಯದನ್ನು 1952ರಲ್ಲಿ ತೆಗೆದುಹಾಕಿದರು. ಊರಲ್ಲಿ ಕಳವಾದಾಗ ಮೊದಲು ಯಾವ ಗುಡಿಸಲಿನ ಮುಂದೆ ಜೀಪು ನಿಲ್ಲುತ್ತದೆ ಎಂಬುದನ್ನು ನೋಡಿದವರಿಗೆ ಆ ಪಟ್ಟಿ ಎಲ್ಲಿಗೂ ಹೋಗಿಲ್ಲ ಅಂತ ಗೊತ್ತು. ಮರಾಠಿಯ ಲಕ್ಷ್ಮಣ ಗಾಯಕವಾಡರ ‘ಉಚಲ್ಯಾ’ ಓದುವಾಗ ಕನ್ನಡದ ಓದುಗನಿಗೆ ಪರಕೀಯ ಅನ್ನಿಸದಿರುವುದಕ್ಕೆ ಇದೇ ಕಾರಣ.

ಇದಕ್ಕೆ ಪೂರ್ತಿ ಎದುರಾದ ಇನ್ನೊಂದು ದಾಖಲೆಯನ್ನು ಇಲ್ಲಿಡುತ್ತೇನೆ. 1873ರಲ್ಲಿ ಹಾಸನ ಸೀಮೆಯ ಹೊಲೆಯರ ಬಗ್ಗೆ ಬರೆದ ಮೆಕೆಂಜಿ ಎಂಬ ಬ್ರಿಟಿಷ್ ಅಧಿಕಾರಿ ಕುಳವಾಡಿಯ ವಿಷಯ ಹೇಳುತ್ತಾನೆ. ಎರಡು ಊರುಗಳ ನಡುವೆ ಎಲ್ಲೆಯ ಜಗಳ ಬಂದರೆ ತೀರ್ಮಾನ ಹೊಲೆಯ ಕುಳವಾಡಿಯದು. ಊರ ಮಣ್ಣಿನ ಉಂಡೆ ಮಾಡಿ, ಅದರ ನಡುವೆ ನೀರಿಟ್ಟು, ತಲೆಯ ಮೇಲೆ ಹೊತ್ತು ಅವನು ಎಲ್ಲೆಯ ಗುಂಟ ನಡೆಯಬೇಕು. ಸರಿಯಾದ ಗೆರೆ ಬಿಟ್ಟು ತಪ್ಪಿ ನಡೆದರೆ ಉಂಡೆ ತಾನೇ ಒಡೆದುಹೋಗುತ್ತದೆ, ಅವನು ಹದಿನೈದು ದಿನದೊಳಗೆ ಸಾಯುತ್ತಾನೆ ಎಂಬ ನಂಬಿಕೆ. ಊರು ನಿಜವಾಗಿ ಕುಳವಾಡಿಯದೇ ಎನ್ನುವ ಮಾತು ಜನರಲ್ಲಿತ್ತೆಂದೂ ಅವನು ಬರೆದಿದ್ದಾನೆ.

ಜಾನಪದದವರು ಇದನ್ನು ಓದಿ ಗ್ರಾಮ ಸಾಮರಸ್ಯ ಅಂತ ಖುಷಿಪಡಬಹುದು. ನನಗೆ ಹಾಗೆ ಕಾಣುವುದಿಲ್ಲ. ಊರಿನ ಎಲ್ಲೆ ಇಡೀ ತಲೆಯ ಮೇಲಿದ್ದವನಿಗೆ ಎಲ್ಲೆಯ ಒಳಗೆ ಕಾಲಿಡಲು ಸ್ವಂತದ ಗುಂಟೆ ನೆಲ ಇರಲಿಲ್ಲ. ತಪ್ಪಿದರೆ ಸಾಯುವವನೂ ಅವನೇ, ಎರಡೂ ಊರಿನ ಗೌಡರಲ್ಲ. 1933ರಲ್ಲಿ ಬಂದ ಕಾರಂತರ ಚೋಮ ಮನೆಯಲ್ಲಿ ಎತ್ತು ಇದ್ದೂ ಬೇಸಾಯಗಾರ ಆಗಲಾರದೆ ದುಡಿ ಬಡಿಯುತ್ತಾನಲ್ಲ, ಅವನನ್ನು ಈ ಕುಳವಾಡಿಯ ಪಕ್ಕ ನಿಲ್ಲಿಸಿ ನೋಡಬೇಕು. ನೆಲದ ಜ್ಞಾನ ಒಬ್ಬರದು, ನೆಲ ಇನ್ನೊಬ್ಬರದು. ‘ಅತಿಕ್ರಮ ಪ್ರವೇಶ’ ಎಂಬ ಮಾತು ಹುಟ್ಟುವುದಕ್ಕೆ ಮೊದಲೇ ಯಾರು ಎಲ್ಲಿಂದ ಹೊರಗಿರಬೇಕು ಅನ್ನುವುದು ಇತ್ಯರ್ಥವಾಗಿತ್ತು.

ಆದರೂ ಹೊಲದೊಳಗೆ ಹೋಗುವ ಕೆಲವು ದಾರಿಗಳಿದ್ದವು. ಅವುಗಳಲ್ಲಿ ಹಕ್ಕಲು ಒಂದು. ಕೊಯ್ಲಾದ ಮೇಲೆ ಉದುರಿದ ತೆನೆ, ಕಿತ್ತ ಮೇಲೆ ಮಣ್ಣಲ್ಲುಳಿದ ಕಡ್ಲೆಕಾಯಿ ಆಯುವುದು ಕೇರಿಯ ಹೆಂಗಸರು, ಮಕ್ಕಳ ಪಾಲು. (ಹಕ್ಕಲಿಗೂ ಹಕ್ಕಿಗೂ ಪದಮೂಲದಲ್ಲಿ ಸಂಬಂಧ ಇಲ್ಲ, ಹಕ್ಕು ಅರಬ್ಬಿಯಿಂದ ಬಂದದ್ದು. ಸಂಬಂಧ ಇದ್ದಿದ್ದರೆ ಚೆನ್ನಾಗಿರುತ್ತಿತ್ತು.) ಬರೆದಿಟ್ಟ ಹಕ್ಕಲ್ಲದ್ದರಿಂದ ಅದು ಹೊಲದವನ ಮರ್ಜಿಯಲ್ಲೇ ಉಳಿಯಿತು. ನಿನ್ನೆ ಹಕ್ಕಲು ಆಯ್ದವಳು ಇವತ್ತು ಕಳ್ಳಿ. ನಡುವೆ ಬದಲಾದದ್ದು ಏನು? ಹೆಚ್ಚಿನ ಸಲ ಅವಳ ಮಗ ಕೂಲಿ ಜಾಸ್ತಿ ಕೇಳಿರುತ್ತಾನೆ, ಇಲ್ಲ ಸಂಘದ ಬೋರ್ಡು ಹಾಕಿರುತ್ತಾನೆ.

ಅತಿಕ್ರಮ ಅಪರಾಧವಾಗಬೇಕಾದರೆ ಒಳಹೊಕ್ಕವನಿಗೆ ಅಪರಾಧ ಮಾಡುವ, ಬೆದರಿಸುವ, ಅವಮಾನಿಸುವ ಅಥವಾ ಕಿರುಕುಳ ಕೊಡುವ ಉದ್ದೇಶ ಇರಬೇಕು ಎಂದು ಭಾರತೀಯ ದಂಡಸಂಹಿತೆಯ 441ನೇ ಕಲಮೇ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯ 329ನೇ ಕಲಮೂ ಅದನ್ನೇ ಹೇಳುತ್ತದೆ. ಶಿಕ್ಷೆ ಹೆಚ್ಚೆಂದರೆ ಮೂರು ತಿಂಗಳು. ಊರು ಉದ್ದೇಶ ಕೇಳುವುದಿಲ್ಲ; ಅದನ್ನು ಜಾತಿಯಲ್ಲೇ ಓದಿಕೊಳ್ಳುತ್ತದೆ. ಶಿಕ್ಷೆಯ ಅಳತೆಯೂ ಬೇರೆ. 1987ರಲ್ಲಿ ಬೆಳಗಾವಿ ಜಿಲ್ಲೆಯ ಬೆಂಡಿಗೇರಿಯಲ್ಲಿ ದಲಿತರಿಗೆ ಮಲ ತಿನ್ನಿಸಿದರು. ಹೊಲದ ಬೆಳೆ ಕದ್ದರು ಎನ್ನುವುದು ಅವರ ಮೇಲೆ ಹೊರಿಸಿದ ಆರೋಪ. ಎರಡು ವರ್ಷದ ನಂತರ ಬಂದ 1989ರ ದೌರ್ಜನ್ಯ ತಡೆ ಕಾಯ್ದೆಯ ಮೂರನೇ ಕಲಮಿನಲ್ಲಿ ತಿನ್ನಬಾರದ್ದನ್ನು ತಿನ್ನಿಸುವುದೂ ದಲಿತರ ಭೂಮಿಯನ್ನು ಆಕ್ರಮಿಸಿ ಉಳುವುದೂ ಒಂದೇ ಪಟ್ಟಿಯಲ್ಲಿವೆ. ಬಾಯಿಗೂ ಭೂಮಿಗೂ ಇರುವ ಈ ನಂಟನ್ನು ನಮ್ಮ ಸಾಹಿತ್ಯ ವಿಮರ್ಶೆಗಿಂತ ಮೊದಲು ಕಾನೂನು ಬರೆದವರು ಕಂಡರು ಅನ್ನಿಸುತ್ತದೆ.

‘ಒಡಲಾಳ’ ಪಾಠ ಮಾಡುವಾಗ ರೈತರ ಮನೆಯ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಸಾರ್, ನಮ್ಮ ಹೊಲದ ಕಡ್ಲೆಕಾಯಿ ಕಿತ್ಕೊಂಡು ಹೋದ್ರೂ ನೀವು ಹಿಂಗೇ ಪಾಠ ಮಾಡ್ತೀರಾ?” ಕ್ಲಾಸು ನಕ್ಕಿತು. ಪ್ರಶ್ನೆ ನಗುವಂಥದ್ದಲ್ಲ. ಎರಡೆಕರೆಯವನ ಬೋರ್‌ವೆಲ್ಲಿನ ಕೇಬಲ್ ಕತ್ತರಿಸಿಕೊಂಡು ಹೋದರೆ ಆ ವಾರದ ಬೆಳೆ ಒಣಗುತ್ತದೆ. 2023ರ ಜುಲೈನಲ್ಲಿ ಟೊಮೇಟೊ ಬೆಲೆ ಏರಿದಾಗ ಹಾಸನ ಜಿಲ್ಲೆಯಲ್ಲಿ ಹೊಲದಿಂದಲೇ ಲಕ್ಷಾಂತರ ರೂಪಾಯಿನ ಹಣ್ಣು ಕದ್ದೊಯ್ದ ದೂರು ಠಾಣೆಗೆ ಹೋಯಿತು. ಇಂಥ ನಷ್ಟವನ್ನು ಅಲ್ಲಗಳೆದು ಕಳವನ್ನೆಲ್ಲ ಬಂಡಾಯ ಎಂದು ಮೆರೆಸುವ ಓದು ನಮ್ಮಲ್ಲೂ ಇದೆ. ಅದು ಸುಲಭದ ಓದು. ಸಾಕವ್ವನ ಮನೆಯವರು ಕ್ರಾಂತಿ ಮಾಡುತ್ತಿಲ್ಲ, ತಿನ್ನುತ್ತಿದ್ದಾರೆ. ನಾನು ಆ ಹುಡುಗನಿಗೆ ಹೇಳಿದ್ದು ಇಷ್ಟೆ: ಮಡಿಲಲ್ಲಿ ಹೋಗುವ ಕಳವು ಬೇರೆ, ಗಾಡಿಯಲ್ಲಿ ಹೋಗುವ ಕಳವು ಬೇರೆ. ಗಾಡಿ ತಂದವನನ್ನು ಹುಡುಕಬೇಕಾದ ಪೊಲೀಸು ಮಡಿಲು ಬಿಚ್ಚಿಸಿ ನೋಡುತ್ತಾ ಕೂತರೆ ನಿನ್ನ ಕೇಬಲ್ಲೂ ಸಿಗುವುದಿಲ್ಲ. ಮೌಲ್ಯ ಐದು ಸಾವಿರದೊಳಗಿನ ಮೊದಲ ಸಲದ ಕಳವಿಗೆ, ಮಾಲು ಹಿಂದಿರುಗಿಸಿದರೆ, ಸಮುದಾಯ ಸೇವೆಯೇ ಶಿಕ್ಷೆ ಎಂದು ಹೊಸ ಸಂಹಿತೆ ಹೇಳುತ್ತದೆ. ಹಳ್ಳಿಯ ಕಂಬಕ್ಕೆ ಇನ್ನೂ ಆ ಸುದ್ದಿ ತಲುಪಿದ ಹಾಗಿಲ್ಲ.

ಹೊಲದವನು ಅಂದರೆ ಸಾಹುಕಾರ, ಕದ್ದವನು ಅಂದರೆ ದಲಿತ ಎನ್ನುವ ಚಿತ್ರದಿಂದ ದಲಿತ ವಿಮರ್ಶೆಯೂ ಹೊರಬರಬೇಕಾಗಿದೆ. ಮಂಜೂರಾದ ಜಮೀನಿನಲ್ಲಿ ರಾಗಿ ಬೆಳೆದು, ರಾತ್ರಿ ಅಟ್ಟಣೆಯ ಮೇಲೆ ಟಾರ್ಚು ಹಿಡಿದು ಕೂತ ದಲಿತ ರೈತನೂ ಇದ್ದಾನೆ. ಊರಿನ ತೋಟಕ್ಕೆ ಕಾವಲು ನಿಂತು ಸ್ವಂತ ಕೇರಿಯ ಹೆಂಗಸರನ್ನೇ ಅಟ್ಟಬೇಕಾದವನೂ ಇದ್ದಾನೆ. ಈ ಇಬ್ಬರೂ ನಮ್ಮ ಕತೆಗಳಲ್ಲಿ ಕಮ್ಮಿ. ಅದರಲ್ಲೂ ಮೊದಲನೆಯವನ ಪಾಡು ವಿಚಿತ್ರ. ಅವನ ಹೊಲಕ್ಕೆ ನುಗ್ಗುವವರು ರಾತ್ರಿ ಬರುವುದಿಲ್ಲ, ಬೆಳಗ್ಗೆ ಕಾಗದ ಹಿಡಿದು ಬರುತ್ತಾರೆ. ಪರಿಶಿಷ್ಟರ ಮಂಜೂರು ಜಮೀನು ಪರಭಾರೆಯಾಗದಂತೆ ಕರ್ನಾಟಕ 1978ರಲ್ಲೇ ಪಿಟಿಸಿಎಲ್ ಕಾಯ್ದೆ ತಂದಿತು. ಮರಳಿ ಕೇಳುವುದಕ್ಕೆ ‘ಸಮಂಜಸ ಕಾಲ’ದೊಳಗೆ ಬರಬೇಕಿತ್ತು ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಎಷ್ಟೋ ಅರ್ಜಿಗಳು ಬಿದ್ದುಹೋದವು. ಹೋರಾಟಗಾರರು ಪಟ್ಟುಹಿಡಿದು ಕೂತದ್ದರಿಂದ ಕಾಲಮಿತಿ ಇಲ್ಲವೆಂಬ ತಿದ್ದುಪಡಿ 2023ರಲ್ಲಿ ಬಂತು. ಆದರೆ ಬದು ಒಡೆದವನ ಮೇಲೆ ದೂರು ಕೊಡಲು ಅವನು ಠಾಣೆಗೆ ಹೋದರೆ ಕೇಳುವ ಮಾತು ಬಹುಪಾಲು ಒಂದೇ: “ಇದು ಸಿವಿಲ್ ಮ್ಯಾಟರ್ ಕಣಯ್ಯ, ಕೋರ್ಟಿಗೆ ಹೋಗು.” ಸಾಕವ್ವನ ಹುಂಜದ ಕೇಸು ಇದು. ಇದನ್ನು ಬರೆದ ಕತೆಯೊಂದನ್ನು ನಾನು ಕನ್ನಡದಲ್ಲಿ ಇನ್ನೂ ಓದಿಲ್ಲ.