ಅಭಿಮಾನಿ ವಾಚಕರ ವಿಮರ್ಶೆ

ನಮ್ಮ ಕಾವ್ಯಮೀಮಾಂಸೆಯು ಸಹೃದಯನಿಗೆ ಉಚ್ಚಾಸನವನ್ನು ಕೊಟ್ಟಿತಾದರೂ, ಆ ಸಹೃದಯನು ಕೋಪಗೊಂಡಾಗ, ಪಕ್ಷ ಕಟ್ಟಿದಾಗ, ತನಗೊಪ್ಪದ ಪ್ರಸಂಗವೊಂದನ್ನು ಮುಂದಿಟ್ಟುಕೊಂಡು ಕೃತಿಕಾರನನ್ನೇ ವಿಚಾರಣೆಗೆ ಕರೆದಾಗ, ಅವನ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ನಮ್ಮ ವಿಮರ್ಶಕರು ಬಹುಮಟ್ಟಿಗೆ ಯೋಚಿಸಲಿಲ್ಲ. ಅಭಿಮಾನಿ ಎಂದೊಡನೆ ವಿವೇಚನೆಯಿಲ್ಲದ ಭಕ್ತನೆಂದು ಭಾವಿಸಿ ಪಕ್ಕಕ್ಕೆ ಸರಿಸುವುದೇ ವಾಡಿಕೆಯಾಯಿತು. ಅನೇಕ ಸಂಪುಟಗಳಾಗಿ ಹಬ್ಬಿ, ಒಂದು ಲೋಕವನ್ನೇ ಕಟ್ಟಿ, ಅದರಲ್ಲಿ ಓದುಗನು ವರ್ಷಾಂತರಗಳ ಕಾಲ ವಾಸಮಾಡುವಂತೆ ಮಾಡುವ ಮಾಲಿಕಾ ಕಾದಂಬರಿಗಳ ವಿಷಯದಲ್ಲಿ ಈ ಉಪೇಕ್ಷೆಯು ದೊಡ್ಡ ನಷ್ಟವೆಂದೇ ನನ್ನ ಭಾವನೆ. ಏಕೆಂದರೆ ಅಂಥ ಕೃತಿಗಳ ಒಳಗೆ ಎಲ್ಲಿಯಾದರೂ ಬಿರುಕು ಮೂಡಿದ್ದರೆ, ಅದು ಪಂಡಿತನ ಕಣ್ಣಿಗೆ ಬೀಳುವುದಕ್ಕಿಂತ ಮೊದಲು ಅಭಿಮಾನಿಯ ಎದೆಗೆ ತಾಕಿರುತ್ತದೆ.

ಈ ಮಾತಿಗೆ ಅತ್ಯಂತ ಸ್ಫುಟವಾದ ನಿದರ್ಶನವನ್ನು ಹೊರದೇಶದಿಂದಲೇ ತೆಗೆದುಕೊಳ್ಳುವುದು ಮೇಲು. 1977ರಲ್ಲಿ ಚಲನಚಿತ್ರವಾಗಿ ಜನಿಸಿದ ‘ಸ್ಟಾರ್ ವಾರ್ಸ್’ ಎಂಬ ಅಂತರಿಕ್ಷದ ಅದ್ಭುತಕಥೆಯು, 1991ರಲ್ಲಿ ಟಿಮೊಥಿ ಜಾನ್ ಬರೆದ ‘ಏರ್ ಟು ದಿ ಎಂಪೈರ್’ ಎಂಬ ಕಾದಂಬರಿಯ ನಂತರ ಗ್ರಂಥರೂಪದಲ್ಲಿ ಎಷ್ಟು ವಿಸ್ತಾರವಾಗಿ ಬೆಳೆಯಿತೆಂದರೆ, ಚಲನಚಿತ್ರಗಳಲ್ಲಿ ಕಂಡ ವೀರರು ಮದುವೆಯಾಗಿ, ಮಕ್ಕಳನ್ನು ಹೆತ್ತು, ಆ ಮಕ್ಕಳು ಯುದ್ಧಕ್ಕೆ ಹೊರಡುವವರೆಗಿನ ವೃತ್ತಾಂತವೆಲ್ಲ ಪುಸ್ತಕಗಳಲ್ಲಿಯೇ ನಡೆಯಿತು. 1999ರಲ್ಲಿ ಆರ್. ಎ. ಸಾಲ್ವಟೋರ್ ಬರೆದ ‘ವೆಕ್ಟರ್ ಪ್ರೈಮ್’ ಪ್ರಕಟವಾಯಿತು. ಅದರಲ್ಲಿ ನಾಯಕರಲ್ಲೊಬ್ಬನಾದ ಹಾನ್ ಸೋಲೋನ ಆಜನ್ಮ ಸಂಗಾತಿಯೆನ್ನಬಹುದಾದ, ಮೈತುಂಬ ರೋಮವುಳ್ಳ ಮಹಾಕಾಯ ಚೂಬಾಕನು ಮಡಿಯುತ್ತಾನೆ. ಒಂದು ಗ್ರಹದ ಮೇಲೆ ಅದರ ಚಂದ್ರನೇ ಕಳಚಿ ಬೀಳುತ್ತಿದೆ. ಜನರನ್ನು ನೌಕೆಗೆ ಹತ್ತಿಸುವ ಅವಸರದಲ್ಲಿ ಚೂಬಾಕನು ಗೆಳೆಯನ ಮಗನನ್ನು ರಕ್ಷಿಸಿ ತಾನು ನೆಲದ ಮೇಲೆಯೇ ಉಳಿಯುತ್ತಾನೆ. ನೌಕೆಯನ್ನು ನಡೆಸುತ್ತಿದ್ದ ಆ ಎಳೆಯನು, ನಿಂತರೆ ಎಲ್ಲರೂ ಸಾಯುವರೆಂದು ತಿಳಿದು, ಅವನನ್ನು ಬಿಟ್ಟು ಮೇಲಕ್ಕೇರುತ್ತಾನೆ. ಇದನ್ನೋದಿದ ಅಭಿಮಾನಿಗಳು ರೋಷಗೊಂಡರು, ಶೋಕಿಸಿದರು, ಲೇಖಕನನ್ನು ನಿಂದಿಸಿದರು.

ಆ ರೋಷವನ್ನು ಬಿಡಿಸಿ ನೋಡಿದರೆ ಅದರಲ್ಲಿ ಎರಡು ಭಿನ್ನ ಆಕ್ಷೇಪಗಳು ಕೂಡಿಕೊಂಡಿರುವುದು ಕಾಣುತ್ತದೆ. ನಮ್ಮವನನ್ನು ಕೊಂದಿರಿ ಎಂಬುದು ಮೊದಲನೆಯದು. ಅದು ಬಂಧುವಿಯೋಗದ ಕೂಗು, ಅದಕ್ಕೆ ಉತ್ತರವಿಲ್ಲ. ಮುಂದಿನ ಸಂಪುಟಗಳಲ್ಲಿ ಯಾರೂ ಸುರಕ್ಷಿತರಲ್ಲವೆಂದು ಸಾರುವುದಕ್ಕಾಗಿಯೇ ಇವನನ್ನು ಬಲಿಕೊಟ್ಟಿರಿ, ಈ ಮರಣವು ಕಥೆಯಿಂದ ಹುಟ್ಟಿದುದಲ್ಲ, ಪ್ರಕಾಶಕರ ಯೋಜನೆಯಿಂದ ಹುಟ್ಟಿದುದು ಎಂಬುದು ಎರಡನೆಯದು. ಈ ಎರಡನೆಯ ಮಾತು ಶುದ್ಧವಾದ ಸಾಹಿತ್ಯವಿಮರ್ಶೆ. ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದು ಕರೆದನಷ್ಟೆ. ಆ ಹೆಸರನ್ನು ಕೇಳದೆಯೇ ಆ ತತ್ತ್ವವನ್ನು ಹಿಡಿದು ವಾದಿಸಿದ ವಾಚಕರಿವರು. ನನ್ನ ಅಭಿಪ್ರಾಯವನ್ನು ಕೇಳಿದರೆ, ಆ ಮರಣವು ಆ ಪಾತ್ರದ ಸ್ವಭಾವಕ್ಕೆ ಒಪ್ಪುವಂಥದೇ, ಮತ್ತು ತಂದೆಮಕ್ಕಳ ನಡುವೆ ಅದು ತಂದೊಡ್ಡುವ ಮೌನವು ಆ ಮಾಲಿಕೆಯ ಅತ್ಯುತ್ತಮ ಭಾಗಗಳಲ್ಲೊಂದು. ಆದರೂ ಪ್ರಶ್ನೆಯನ್ನು ಕೇಳಿದವರದು ತಪ್ಪಲ್ಲ.

ನಂದಿಬೆಟ್ಟದ ಮಗ್ಗುಲಿನ ನಮ್ಮ ಮುದ್ದೇನಹಳ್ಳಿಗೂ ಈ ಗ್ರಹಾಂತರ ಕಲಹಕ್ಕೂ ಏನು ಸಂಬಂಧವೆಂದು ಕೇಳುವವರುಂಟು. ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮಸ್ಥಳವೆಂದು ಮಾತ್ರ ಲೋಕಕ್ಕೆ ಪರಿಚಿತವಾದ ಈ ಊರಿನ ಸುತ್ತಲಿನ ಸೀಮೆಯು, ಮಾಲಿಕೆಯಾಗಿ ಹರಿಯುವ ಕಥೆಗಳನ್ನು ಕೇಳಿ ತೀರ್ಪು ಕೊಡುವ ಶ್ರೋತೃವರ್ಗವೊಂದನ್ನು ಬಹುಕಾಲದಿಂದ ಪೋಷಿಸಿಕೊಂಡು ಬಂದಿದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಗಳ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಕೇಳಿಕೆಯೆಂಬ ಬಯಲಾಟವೋ, ‘ಕುರುಕ್ಷೇತ್ರ’ ನಾಟಕವೋ ನಡೆಯುವುದುಂಟು. ತೆಲುಗು ಸೀಮೆಗೆ ಹತ್ತಿದ ಊರುಗಳಲ್ಲಿ ಕನ್ನಡದ ಪದಗಳ ಜೊತೆಗೆ ತೆಲುಗಿನ ಪದ್ಯಗಳೂ ಕೇಳಿಬರುತ್ತವೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಅಭ್ಯಾಸ ಮಾಡಿಸುತ್ತಾರೆ. ಪಾತ್ರ ಹಾಕುವವರು ಹಣ ಪಡೆಯುವುದಿಲ್ಲ, ತಾವೇ ಹಣ ಕೊಡುತ್ತಾರೆ. ಶ್ರೀಕೃಷ್ಣನ ಮತ್ತು ದುರ್ಯೋಧನನ ಪಾತ್ರಗಳಿಗೆ ಮಿಕ್ಕವುಗಳಿಗಿಂತ ಹೆಚ್ಚು ತೆರಬೇಕು. ತೊಡೆ ಮುರಿದು ಬೀಳುವುದು ಖಚಿತವೆಂದು ಬಲ್ಲ ರೈತನೊಬ್ಬನು ಆ ಪಾತ್ರಕ್ಕಾಗಿಯೇ ದುಬಾರಿ ಮೊತ್ತವನ್ನು ಕಟ್ಟಿ ಗದೆಯನ್ನು ಹೊರುತ್ತಾನೆಂಬುದರಲ್ಲಿ, ಸೋಲುವವನ ಮೇಲೆ ಈ ಜನಕ್ಕಿರುವ ಪ್ರೀತಿಯ ಆಳವು ತಿಳಿಯುತ್ತದೆ.

ಆ ರಾತ್ರಿ ಚಾಪೆ ಹಾಸಿಕೊಂಡು ಕುಳಿತ ಪ್ರೇಕ್ಷಕರನ್ನು ಗಮನಿಸತಕ್ಕದ್ದು. ಕೃಷ್ಣನ ಪಾತ್ರಧಾರಿಯು ಸಂಧಾನದ ಪ್ರಸಂಗದಲ್ಲಿ ಹೊತ್ತಾಯಿತೆಂದು ಒಂದು ಪದವನ್ನು ಬಿಟ್ಟು ಮುಂದುವರಿದರೆ, ಹಿಂದಿನ ಸಾಲಿನಿಂದ ಹಿರಿಯನೊಬ್ಬನು ಎದ್ದು, “ಏನಪ್ಪಾ, ಆ ಪದ ನುಂಗ್‌ಬಿಟ್ಯಲ್ಲ, ಹೇಳ್‌ಬಿಟ್ಟು ಹೋಗು” ಎನ್ನುತ್ತಾನೆ. ಮೇಷ್ಟ್ರು ಮರುಮಾತಾಡದೆ ಶ್ರುತಿಯನ್ನು ಹಿಂದಕ್ಕೆ ತರುತ್ತಾರೆ. ಕರ್ಣನು ಕುಂತಿಯ ಮುಂದೆ ಹೆಚ್ಚಾಗಿ ಗದ್ಗದಿಸಿದರೆ, ಕರ್ಣನಿಗೆ ಅಷ್ಟು ಅಳು ತರವಲ್ಲವೆಂದು ಮರುದಿನ ಟೀ ಅಂಗಡಿಯ ಮುಂದೆ ತೀರ್ಮಾನವಾಗುತ್ತದೆ. ಮುಂದೇನಾಗುವುದೆಂಬ ಕುತೂಹಲ ಈ ಶ್ರೋತೃಗಳಿಗಿಲ್ಲ, ಎಲ್ಲವೂ ಗೊತ್ತು. ಆಗಬೇಕಾದುದು ಆ ವ್ಯಕ್ತಿಗೆ ಒಪ್ಪುವಂತೆ ಆಯಿತೇ ಎಂಬುದೊಂದೇ ಅವರ ಪರೀಕ್ಷೆ. ಚೂಬಾಕನ ಮರಣವನ್ನು ಪ್ರಶ್ನಿಸಿದವರು ದೂರದ ಖಂಡದಲ್ಲಿ, ಬೇರೊಂದು ಬಗೆಯ ಕಥೆಯ ಮುಂದೆ ಕುಳಿತು, ತಲುಪಿದ್ದು ಇದೇ ಪರೀಕ್ಷೆಗೆ.

ಕನ್ನಡದ ವಾಚಕನಿಗೆ ಇನ್ನೊಂದು ಸಂಸ್ಕಾರವೂ ದೊರೆಯಿತು. ಒಂದೇ ಕಥಾಲೋಕಕ್ಕೆ ಹಲವು ಪಾಠಗಳಿರಬಹುದು, ಒಂದು ಮತ್ತೊಂದನ್ನು ರದ್ದುಮಾಡಬೇಕಾಗಿಲ್ಲ ಎಂಬುದನ್ನು ಅವನು ಸಹಸ್ರ ವರ್ಷಗಳಿಂದ ಬಲ್ಲನು. 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿ ಮಾಡಿದನು. ನಾಗಚಂದ್ರನ ರಾವಣನು ಜೈನಸಂಪ್ರದಾಯಾನುಸಾರ ರಾಕ್ಷಸನಾಗಿರದೆ, ಒಂದು ದೌರ್ಬಲ್ಯದಿಂದ ಕೆಟ್ಟ ಮಹಾಪುರುಷನಾದನು. 1949ರಲ್ಲಿ ಪ್ರಕಟವಾದ ‘ಶ್ರೀರಾಮಾಯಣ ದರ್ಶನಂ’ನಲ್ಲಿ ಕುವೆಂಪು ಅವರು ಸೀತೆಯ ಜೊತೆಗೆ ರಾಮನನ್ನೂ ಅಗ್ನಿಯೊಳಕ್ಕೆ ಕಳುಹಿದರು. ಈ ಸ್ವಾತಂತ್ರ್ಯವನ್ನು ಒಪ್ಪಿದ ಓದುಗರು ಅದರ ಫಲಗಳನ್ನು ಮಾತ್ರ ಸುಮ್ಮನೆ ಒಪ್ಪಲಿಲ್ಲ. ಪಂಪನ ಭಾರತದ ಕೊನೆಯಲ್ಲಿ ಅರ್ಜುನನಿಗೆ ಪಟ್ಟವಾಗುವಾಗ ಅವನ ಪಕ್ಕದಲ್ಲಿ ಕೂರುವವಳು ಸುಭದ್ರೆ. ಯಾರ ಮುಡಿಯನ್ನು ಹಿಡಿದೆಳೆದ ಕಾರಣಕ್ಕಾಗಿ ಅಷ್ಟು ರಕ್ತ ಹರಿಯಿತೋ ಆ ದ್ರೌಪದಿಯು ಸಿಂಹಾಸನದ ಮೇಲಿಲ್ಲ. ಐವರ ಪತ್ನಿಯೆಂಬ ತೊಡಕನ್ನು ಕವಿ ತಾನೇ ಪರಿಹರಿಸಿದ ಮೇಲೆ ಆಕೆಯನ್ನು ಮರೆತದ್ದೇಕೆಂಬುದು ಇಂದಿಗೂ ಕೇಳಲ್ಪಡುವ ಪ್ರಶ್ನೆ. ಕವಿಯ ಆಶ್ರಯದಾತನಾದ ಅರಿಕೇಸರಿಯ ಜೀವನಕ್ಕೆ ಕಥೆಯನ್ನು ಹೊಂದಿಸಬೇಕಾಗಿದ್ದುದೇ ಕಾರಣವೆಂದು ವಿದ್ವಾಂಸರು ಸಮಾಧಾನ ಹೇಳುವರು. ಆ ಸಮಾಧಾನವು ಓದುಗನ ಅಸಮಾಧಾನವನ್ನು ಸಮರ್ಥಿಸುತ್ತದೆಯೇ ಹೊರತು ಅಳಿಸುವುದಿಲ್ಲ: ಹೊರಗಿನ ಪ್ರಯೋಜನವೊಂದು ಕಥೆಯೊಳಗೆ ಕೈಯಿಟ್ಟಿತೆಂದೇ ಅದರ ಅರ್ಥ.

ಆಧುನಿಕ ಕನ್ನಡ ಗದ್ಯದಲ್ಲಿ ಒಂದು ಲೋಕವನ್ನೇ ಸಂಪುಟಗಳ ಮೇಲೆ ಸಂಪುಟವಾಗಿ ಕಟ್ಟಿದ ಮಹಾಪ್ರಯತ್ನವನ್ನು ಹುಡುಕಿದರೆ ಅದು ಅಂತರಿಕ್ಷದಲ್ಲಿ ದೊರೆಯದು. ರಾಜಶೇಖರ ಭೂಸನೂರಮಠರಂಥವರು ವೈಜ್ಞಾನಿಕ ಕಾದಂಬರಿಗೆ ಕನ್ನಡದಲ್ಲಿ ನೆಲೆ ಒದಗಿಸಿದರು. ಆದರೆ ಓದುಗರನ್ನು ಪುಸ್ತಕದಿಂದ ಪುಸ್ತಕಕ್ಕೆ ಎಳೆದೊಯ್ದ ಮಾಲಿಕೆಯು ಚಿತ್ರದುರ್ಗದ ಕಲ್ಲುಕೋಟೆಯೊಳಗೆ ಹುಟ್ಟಿತು. ತಳುಕಿನ ಮನೆತನದ ತ. ರಾ. ಸುಬ್ಬರಾಯರು (1920–1984) ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’, ‘ಹೊಸಹಗಲು’, ‘ವಿಜಯೋತ್ಸವ’, ‘ರಾಜ್ಯದಾಹ’, ‘ಕಸ್ತೂರಿ ಕಂಕಣ’ಗಳಲ್ಲಿ ನಾಯಕವಂಶದ ಕಥೆಯನ್ನು ಹೇಳುತ್ತ ಬಂದು, ‘ದುರ್ಗಾಸ್ತಮಾನ’ದಲ್ಲಿ ಕೊನೆಯ ಮದಕರಿನಾಯಕನ ಪತನವನ್ನು ಚಿತ್ರಿಸಿದರು. ಆ ಕೊನೆಯ ಕೃತಿಗೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು 1985ರಲ್ಲಿ, ಅವರ ಮರಣಾನಂತರ, ಬಂದಿತು.

ನಮ್ಮ ಸೀಮೆಯವರಿಗೆ ಈ ಮಾಲಿಕೆ ಪರಕೀಯವೆನಿಸದಿರಲು ಕಾರಣವುಂಟು. ನಂದಿದುರ್ಗ, ಕಳವಾರದುರ್ಗ, ಗುಡಿಬಂಡೆ ಹೀಗೆ ದಿಕ್ಕುದಿಕ್ಕಿಗೆ ಬೆಟ್ಟದ ಮೇಲೊಂದು ಕೋಟೆ. ಚಿಕ್ಕಬಳ್ಳಾಪುರದ ಪಾಳೆಯಗಾರರೂ ಹೈದರಾಲಿಗೆ ರಾಜ್ಯವನ್ನು ಕಳೆದುಕೊಂಡವರು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯವು ನಂದಿಯನ್ನು ಹಿಡಿಯಿತು. 1779ರಲ್ಲಿ ಚಿತ್ರದುರ್ಗವು ಹೈದರನ ವಶವಾಗುವುದೆಂದು ಮೊದಲ ಪುಟದಲ್ಲಿಯೇ ಬಲ್ಲ ಓದುಗನು, ಕುರುಕ್ಷೇತ್ರದ ಚಾಪೆಯ ಮೇಲೆ ಕುಳಿತವನ ಹಾಗೆಯೇ, ಗೊತ್ತಿರುವ ಅಂತ್ಯದ ಕಡೆಗೆ ಗೊತ್ತಿದ್ದೇ ನಡೆಯುತ್ತಾನೆ. ಹೀಗೆ ನಡೆಸಿಕೊಂಡು ಹೋಗುವ ವಿದ್ಯೆಯಲ್ಲಿ ತ.ರಾ.ಸು. ಅವರಿಗೆ ಸಮಾನರು ವಿರಳ. ಅವರ ಸಂಭಾಷಣೆಯು ಕೆಲವೆಡೆ ರಂಗಸ್ಥಳದ ಘೋಷವಾಗುತ್ತದೆ, ವರ್ಣನೆಯು ಬೆಳೆದು ಬೆಳೆದು ದಣಿಸುತ್ತದೆ. ಆದರೆ ಕೇಡು ಒಳಗಿನಿಂದಲೇ ಹುಟ್ಟಿ ಅರಮನೆಯನ್ನು ತಿನ್ನುವ ಬಗೆಯನ್ನು, ದಳವಾಯಿ ಮುದ್ದಣ್ಣನ ಒಳಸಂಚಿನಿಂದ ಭರಮಣ್ಣನಾಯಕನ ಪಟ್ಟದವರೆಗಿನ ಮೊದಲ ಮೂರು ಕಾದಂಬರಿಗಳಲ್ಲಿ ಅವರು ತೋರಿಸಿದ ಹಾಗೆ ಕನ್ನಡದ ಇತರ ಐತಿಹಾಸಿಕ ಕಾದಂಬರಿಕಾರರು ತೋರಿಸಿದ್ದು ಅಪೂರ್ವ.

ತ.ರಾ.ಸು. ಅವರೇ ಒಮ್ಮೆ ಅಸಮಾಧಾನಗೊಂಡ ಅಭಿಮಾನಿಯ ಸ್ಥಾನದಲ್ಲಿ ನಿಲ್ಲಬೇಕಾಯಿತು. ಅವರ ಮೂರು ಸಾಮಾಜಿಕ ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ತೆರೆಗೆ ತಂದ ‘ನಾಗರಹಾವು’ ನಾಡಿಗೆಲ್ಲ ಪ್ರಿಯವಾಯಿತು. ಮೂಲ ಲೇಖಕರಿಗೆ ಮಾತ್ರ ಹಿಡಿಸಲಿಲ್ಲವೆಂಬುದು ಪ್ರಸಿದ್ಧ. ತಾವು ಸೃಷ್ಟಿಸಿದ ನಾಯಕ ರಾಮಾಚಾರಿಗೂ ತೆರೆಯ ಮೇಲೆ ಕಂಡವನಿಗೂ ಅಂತರವಿದೆಯೆಂದು ಅವರಿಗೆ ತೋರಿದುದು ಸಹಜ. ಪ್ರೇಕ್ಷಕರು ತೆರೆಯ ರಾಮಾಚಾರಿಯನ್ನೇ ತಮ್ಮವನೆಂದು ಅಪ್ಪಿಕೊಂಡರು. ಆ ಚಿತ್ರದೊಳಗೆ ಹಾಡಾಗಿ ಬಂದ ಒನಕೆ ಓಬವ್ವನ ಪ್ರಸಂಗವು, ಕೋಟೆಯ ಕಿಂಡಿಯನ್ನು ಎಂದೂ ಕಾಣದವರ ಮನಸ್ಸಿನಲ್ಲಿಯೂ ಇತಿಹಾಸವಾಗಿ ನೆಲೆಸಿತು. ಪಾತ್ರವು ಸೃಷ್ಟಿಕರ್ತನ ಕೈಯಿಂದ ಜಾರಿ ಜನರದಾಗುವ ಕ್ಷಣದಲ್ಲಿ ಜನರೂ ಕರ್ತೃವೂ ಎದುರುಬದುರಾದರೆ, ಇಬ್ಬರಲ್ಲಿ ಒಬ್ಬರನ್ನೇ ಸರಿಯೆನ್ನುವುದು ನನಗೆ ಸಾಧ್ಯವಾಗಿಲ್ಲ.

ಅಭಿಮಾನದ ದೋಷವನ್ನೂ ಮರೆಮಾಚದೆ ಹೇಳಬೇಕು. ಪ್ರೀತಿಯು ಕಾವಲಾಗಿ ಮಾರ್ಪಟ್ಟಾಗ ಅದು ಪ್ರಶ್ನೆ ಕೇಳುವುದನ್ನು ನಿಲ್ಲಿಸುತ್ತದೆ, ಪ್ರಶ್ನೆ ಕೇಳುವವರನ್ನೂ ತಡೆಯುತ್ತದೆ. ಐತಿಹಾಸಿಕ ಮಾಲಿಕೆಯ ಓದುಗನಿಗೆ ಈ ಅಪಾಯ ಅಂತರಿಕ್ಷದ ಕಥೆಯ ಓದುಗನಿಗಿಂತ ಹೆಚ್ಚು; ಇವನ ವೀರರಿಗೆ ಊರಿದೆ, ವಂಶವಿದೆ, ಪ್ರತಿಮೆಯಿದೆ. ಕಾದಂಬರಿಕಾರನು ಪಾತ್ರಕ್ಕೆ ಕೊಟ್ಟ ಸಂಶಯ, ಭಯ, ಕ್ರೌರ್ಯಗಳನ್ನು ಮರೆತು, ಅವನಿಂದ ಗದೆ ಖಡ್ಗಗಳನ್ನು ಮಾತ್ರ ಎತ್ತಿಕೊಂಡು ಹೋಗುವ ಓದು ಬಡವಾದ ಓದು. 1979ರಲ್ಲಿ ಪ್ರಕಟವಾದ ಎಸ್. ಎಲ್. ಭೈರಪ್ಪನವರ ‘ಪರ್ವ’ವು ದೈವಾಂಶವನ್ನೆಲ್ಲ ತೆಗೆದು ಭಾರತದ ವ್ಯಕ್ತಿಗಳನ್ನು ಮುಪ್ಪು, ನಿದ್ರೆ, ಕಾಮ, ಹಸಿವುಗಳುಳ್ಳ ಮನುಷ್ಯರನ್ನಾಗಿ ಮಾಡಿತು. ಅದನ್ನು ಒಪ್ಪದವರಲ್ಲಿ ಎರಡು ಬಗೆಯವರನ್ನು ಕಾಣಬಹುದು: ಓದಿ, ಈ ಕುಂತಿ ಹೀಗೆ ಯೋಚಿಸುವಳೇ ಎಂದು ವಾದಿಸುವವರು, ಓದದೆಯೇ, ಕುಂತಿಯ ವಿಷಯದಲ್ಲಿ ಹೀಗೆ ಬರೆಯಬಹುದೇ ಎಂದು ಕೇಳುವವರು. ಮೊದಲನೆಯವರಿಂದ ಕೃತಿಗೆ ಲಾಭವುಂಟು. ಎರಡನೆಯವರು ಸಾಹಿತ್ಯದ ಅಂಗಳಕ್ಕೆ ಇನ್ನೂ ಕಾಲಿಟ್ಟಿಲ್ಲ.

ಒಡೆತನದ ಪ್ರಶ್ನೆ ಕಾನೂನಿನದೂ ಆದಾಗ ಪರಿಸ್ಥಿತಿ ಇನ್ನಷ್ಟು ಕಠಿನವಾಗುತ್ತದೆ. 2014ರ ಏಪ್ರಿಲ್‌ನಲ್ಲಿ ‘ಸ್ಟಾರ್ ವಾರ್ಸ್’ನ ಸ್ವಾಮ್ಯವುಳ್ಳ ಸಂಸ್ಥೆಯು, ಮುಂದಿನ ಚಲನಚಿತ್ರಗಳಿಗೆ ದಾರಿ ಸುಗಮವಾಗಲೆಂದು, ಹಿಂದಿನ ಕಾದಂಬರಿಗಳೆಲ್ಲವೂ ಇನ್ನು ‘ಲೆಜೆಂಡ್ಸ್’ ಮಾತ್ರ, ಅಧಿಕೃತ ವೃತ್ತಾಂತಕ್ಕೆ ಸೇರವು ಎಂದು ಸಾರಿತು. ಎರಡು ದಶಕಗಳ ಕಾಲ ಆ ಪುಸ್ತಕಗಳ ಜೊತೆಗೆ ಬೆಳೆದವರಿಗೆ, ತಾವು ಅತ್ತ ಸಾವುಗಳು ಸಂಭವಿಸಲೇ ಇಲ್ಲವೆಂದು ಒಂದು ಪ್ರಕಟಣೆಯಿಂದ ತಿಳಿದ ಹಾಗಾಯಿತು. ಆದರೂ ಜಾನ್ 1991ರಲ್ಲಿ ಸೃಷ್ಟಿಸಿದ, ಕಲಾಕೃತಿಗಳನ್ನು ನೋಡಿಯೇ ಶತ್ರುಜನಾಂಗದ ಮನಸ್ಸನ್ನು ಅಳೆಯುವ ಸೇನಾಪತಿ ಥ್ರಾನ್‌ನನ್ನು ಓದುಗರು ಬಿಟ್ಟುಕೊಡಲಿಲ್ಲ. 2016ರಲ್ಲಿ ದೂರದರ್ಶನದ ಧಾರಾವಾಹಿಯಲ್ಲಿ ಅವನು ಮರಳಿ ಬಂದನು, 2017ರಲ್ಲಿ ಅದೇ ಲೇಖಕನೇ ಅವನ ಹೆಸರಿನಲ್ಲಿ ಹೊಸ ಕಾದಂಬರಿಯನ್ನು ಬರೆದನು. ನಮ್ಮಲ್ಲಿ ಅಂಥ ಸಂಸ್ಥೆ ಇರಲಿಲ್ಲವಾದ್ದರಿಂದ ಕುಮಾರವ್ಯಾಸನು ಪಂಪನನ್ನು ರದ್ದುಗೊಳಿಸಲಿಲ್ಲ. ‘ಪರ್ವ’ದ ಮನುಷ್ಯಮಾತ್ರನಾದ ಕೃಷ್ಣನನ್ನು ಓದಿದ ಮನೆಯವನೇ ಅದೇ ವರ್ಷ ಊರ ನಾಟಕದ ಕಿರೀಟಧಾರಿ ಕೃಷ್ಣನಿಗೆ ನೋಟಿನ ಹಾರ ಹಾಕಲು ಅಡ್ಡಿಯೇನೂ ಬರಲಿಲ್ಲ.

ಈ ಸಂಸ್ಕಾರವುಳ್ಳ ಓದುಗರು ತ.ರಾ.ಸು. ಅವರ ಮಾಲಿಕೆಯ ವಿಷಯದಲ್ಲಿ ಮಾಡಬೇಕಾದ ಕೆಲಸವೊಂದು ಉಳಿದಿದೆ. ‘ದುರ್ಗಾಸ್ತಮಾನ’ದ ಕೀರ್ತಿಯು ಹಿಂದಿನ ಸಂಪುಟಗಳನ್ನು ಮುಚ್ಚಿಬಿಟ್ಟಿದೆ, ಮದಕರಿಯನ್ನು ಬಲ್ಲವರಲ್ಲಿ ಅನೇಕರು ಮುದ್ದಣ್ಣನನ್ನು ಅರಿಯರು. ಹೊರಗಿನ ಶತ್ರುವಿಗೆ ಕೋಟೆ ಬಿದ್ದ ಕಥೆಯಷ್ಟೇ ನೆನಪಿನಲ್ಲಿ ನಿಂತು, ಕೋಟೆಯೊಳಗಿನವರೇ ಒಬ್ಬರ ರಕ್ತಕ್ಕೊಬ್ಬರು ಕೈಯಿಟ್ಟ ಕಥೆ ಮರೆತುಹೋದರೆ, ಅಷ್ಟು ಸಂಪುಟಗಳಲ್ಲಿ ಲೇಖಕರು ಕಟ್ಟಿದ ನ್ಯಾಯದ ಅರ್ಧಭಾಗ ಓದಿಲ್ಲದಂತೆಯೇ ಆಯಿತು. ಚಿಕ್ಕಬಳ್ಳಾಪುರದ ಗ್ರಂಥಾಲಯದಲ್ಲಿ ‘ದುರ್ಗಾಸ್ತಮಾನ’ವನ್ನು ಹಿಂದಿರುಗಿಸುವ ತರುಣನಿಗೆ ನಾನು ಹೇಳುವುದು, ಅದೇ ಕಪಾಟಿನಲ್ಲಿ ‘ಕಂಬನಿಯ ಕುಯಿಲು’ ಇದೆಯೇ ಎಂದು ಕೇಳು, ಇಲ್ಲದಿದ್ದರೆ ತರಿಸಿಕೊಡುವಂತೆ ಬರೆದುಕೊಟ್ಟು ಬಾ ಎಂದು.