ಹೊಗೆಯ ಸಾಕ್ಷ್ಯ: ‘ಏಷ್ಯದ ಕಂದುಮೋಡ’ ವರದಿಯ ಒಂದು ವಿಮರ್ಶೆ

ಮಾಗಿಯ ಮುಂಜಾನೆ ಸುಳ್ಯದಿಂದ ಮಡಿಕೇರಿಯ ಕಡೆಗೆ ಹೋಗುವವರು ಅರಂತೋಡಿನ ಬಳಿ, ಅಡಕೆಯ ತೋಟಗಳ ಮೇಲೆ ತೆಳ್ಳನೆಯ ಹೊಗೆಯೊಂದು ಕದಲದೆ ನಿಂತಿರುವುದನ್ನು ಕಾಣಬಹುದು. ಅದು ಬಚ್ಚಲೊಲೆಯದೋ, ತೋಟದ ಕಸವನ್ನು ಸುಟ್ಟದ್ದೋ, ರಬ್ಬರ್ ಹಾಳೆಗಳನ್ನು ಒಣಗಿಸುವ ಹೊಗೆಮನೆಯದೋ, ಹೆದ್ದಾರಿಯ ಲಾರಿಗಳದೋ ಎಂಬುದನ್ನು ಕಣ್ಣೊಂದರಿಂದಲೇ ನಿರ್ಣಯಿಸಲಾಗದು. ಈ ಸಣ್ಣ ಪ್ರಶ್ನೆಯನ್ನೇ ದಕ್ಷಿಣ ಏಷ್ಯಕ್ಕೆಲ್ಲ ಅನ್ವಯಿಸಿ ಕೇಳಿದಾಗ ಹುಟ್ಟಿದ ವಿವಾದವನ್ನು ಪರಾಮರ್ಶಿಸುವುದು, ಅದರಿಂದ ಚರಿತ್ರೆಯ ವಿದ್ಯಾರ್ಥಿಗಳು ಕಲಿಯಬಹುದಾದುದನ್ನು ಸೂಚಿಸುವುದು ಈ ಲೇಖನದ ಉದ್ದೇಶ.

೧೯೯೯ರ ಜನವರಿಯಿಂದ ಮಾರ್ಚಿಯವರೆಗೆ ಹಿಂದೂ ಮಹಾಸಾಗರದ ಮೇಲಣ ವಾಯುಮಂಡಲದಲ್ಲಿ ‘ಇಂಡೋಎಕ್ಸ್’ ಎಂಬ ದೊಡ್ಡ ಪ್ರಯೋಗವೊಂದು ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದ್ದ ವಿ. ರಾಮನಾಥನ್ ಅವರೂ, ಓಜೋನ್ ಸಂಶೋಧನೆಗಾಗಿ ೧೯೯೫ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಪಾಲ್ ಕ್ರುಟ್ಜೆನ್ ಅವರೂ ಅದರ ಮುಂದಾಳುಗಳು. ಹಡಗುಗಳು, ವಿಮಾನಗಳು, ಮಾಲ್ಡೀವ್ಸ್ ದ್ವೀಪಗಳ ವೀಕ್ಷಣಾಲಯ, ಮೀಟಿಯೋಸ್ಯಾಟ್-೫ ಉಪಗ್ರಹ ಇವೆಲ್ಲವೂ ಬಳಕೆಯಾದವು. ಸುಮಾರು ೩ ಕಿಲೋಮೀಟರು ದಪ್ಪದ ಮಸುಕು ಪದರವೊಂದು ಕಂಡುಬಂದಿತು. ಇದನ್ನಾಧರಿಸಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ೨೦೦೨ರ ಆಗಸ್ಟಿನಲ್ಲಿ ‘ಏಷ್ಯದ ಕಂದುಮೋಡ’ ಎಂಬ ವರದಿಯನ್ನು ಪ್ರಕಟಿಸಿ, ನೆಲವನ್ನು ಮುಟ್ಟುವ ಬಿಸಿಲು ಶೇಕಡ ೧೦ರಿಂದ ೧೫ರಷ್ಟು ಕುಗ್ಗಿದೆಯೆಂದೂ, ಮಳೆ, ಬೆಳೆ, ಆರೋಗ್ಯಗಳಿಗೆ ಇದರಿಂದ ಬಾಧೆಯಿದೆಯೆಂದೂ ಎಚ್ಚರಿಸಿತು. ಆ ವರ್ಷ ಭಾರತದಲ್ಲಿ ಮುಂಗಾರು ಕೈಕೊಟ್ಟಿದ್ದುದರಿಂದ ವರದಿಯ ಮಾತು ಜನರ ಮನಸ್ಸಿಗೆ ಬೇಗ ನಾಟಿತು.

ಈ ವರದಿಯ ಬೆಲೆಗಟ್ಟುವ ಮೊದಲು ಅದರಲ್ಲಿ ಬೆರೆತಿರುವ ಮೂರು ಬಗೆಯ ಆಧಾರಗಳನ್ನು ಬೇರ್ಪಡಿಸಬೇಕು. ಉಪಗ್ರಹವು ವಿಶಾಲ ಪ್ರದೇಶವನ್ನು ನೋಡುತ್ತದೆ. ಆದರೆ ಅದು ಅಳೆಯುವುದು ಕಣಗಳನ್ನಲ್ಲ, ಬೆಳಕನ್ನು. ಆ ಬೆಳಕಿನಿಂದ ಕಣಗಳನ್ನು ಊಹಿಸುವುದು, ಸವೆದ ಶಾಸನದ ಅಕ್ಷರಗಳನ್ನು ಓದಿದಂತೆ, ಓದುವವನ ಪೂರ್ವಗ್ರಹಿಕೆಗಳನ್ನೂ ಅವಲಂಬಿಸಿರುತ್ತದೆ. ಕ್ಷೇತ್ರಮಾಪನವು ಪ್ರತ್ಯಕ್ಷದರ್ಶಿಯ ಹೇಳಿಕೆ. ನಂಬಲರ್ಹವಾದರೂ ಆ ಸ್ಥಳಕ್ಕೆ, ಆ ಕಾಲಕ್ಕೆ ಸೀಮಿತವಾದುದು. ಗಣಿತದ ಮಾದರಿಯು ಸಾಕ್ಷಿಯೇ ಅಲ್ಲ. ಸಾಕ್ಷಿಗಳ ನಡುವಣ ತೆರಪನ್ನು ತುಂಬುವ ತರ್ಕ.

ಭಾರತೀಯ ವಿಜ್ಞಾನ ಸಂಸ್ಥೆಯ ಜೆ. ಶ್ರೀನಿವಾಸನ್ ಮತ್ತು ಸುಲೋಚನಾ ಗಾಡ್ಗೀಳ್ ಅವರು ಅದೇ ವರ್ಷ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಎತ್ತಿದ ಆಕ್ಷೇಪದ ತಿರುಳು ಈ ವಿವೇಚನೆಗೆ ಹತ್ತಿರವಾದುದು. ಅಳತೆ ನಡೆದುದು ಜನವರಿಯಿಂದ ಮಾರ್ಚಿಯವರೆಗೆ. ಮುಂಗಾರಿನ ಮಳೆ ಗಾಳಿಯನ್ನು ತೊಳೆಯುವ ಕಾಲವೇ ಬೇರೆ. ಹೀಗಿರುವಾಗ ಮುಂಗಾರಿನ ಬಗೆಗೆ ಮಾದರಿಗಳು ನುಡಿದುದನ್ನು ಮಾಪನದ ಫಲಿತಾಂಶವೆಂಬಂತೆ ಸಾರುವುದು ಸಾಧುವಲ್ಲ. ಇನ್ನು ‘ಮೋಡ’ವೆಂಬ ಹೆಸರು ಒಣ ಮಸುಕಿಗೆ ಒಪ್ಪುವಂಥದಲ್ಲ, ‘ಏಷ್ಯದ’ ಎಂಬ ವಿಶೇಷಣವಂತೂ ಇತರ ಖಂಡಗಳಲ್ಲಿಯೂ ಇರುವ ದೋಷವನ್ನು ಒಂದೇ ಖಂಡದ ತಲೆಗೆ ಕಟ್ಟಿತು. ಮುಂದೆ ಆ ಯೋಜನೆಯೇ ‘ವಾಯುಮಂಡಲದ ಕಂದುಮೋಡಗಳು’ ಎಂಬ ಹೆಸರನ್ನು ತಳೆದುದು ಗಮನಾರ್ಹ. ಆದರೆ ಈ ಆಕ್ಷೇಪವನ್ನು ಹೊಗೆಯೇ ಇಲ್ಲವೆಂಬ ತೀರ್ಪಾಗಿ ಗ್ರಹಿಸುವುದೂ ಅಷ್ಟೇ ದೊಡ್ಡ ತಪ್ಪು. ಸಾಕ್ಷಿಯ ವ್ಯಾಪ್ತಿಯನ್ನು ಪ್ರಶ್ನಿಸುವುದು ಬೇರೆ, ಸಾಕ್ಷಿಯನ್ನು ಅಲ್ಲಗಳೆಯುವುದು ಬೇರೆ.

ಹೊಗೆಯ ಮೂಲ ಯಾವುದೆಂಬ ಪ್ರಶ್ನೆ ಉಳಿದೇ ಇದ್ದಿತು. ಇಂಧನಗಳ ಲೆಕ್ಕವನ್ನು ಆಧರಿಸಿದ ಮಾದರಿಗಳು ಕಟ್ಟಿಗೆ ಸಗಣಿಗಳ ಒಲೆಗಳತ್ತ ಬೆರಳು ತೋರಿದರೆ, ಗಾಳಿಯ ಕಣಗಳ ಧಾತುವಿಶ್ಲೇಷಣೆ ಕಲ್ಲಿದ್ದಲು ಎಣ್ಣೆಗಳತ್ತ ತೋರಿತು. ಇದನ್ನು ಬಗೆಹರಿಸಲು ಬಂದುದು ಪ್ರಾಚ್ಯವಸ್ತು ಸಂಶೋಧಕರಿಗೆ ಚಿರಪರಿಚಿತವಾದ ಇಂಗಾಲ-೧೪ರ ಪರೀಕ್ಷೆ. ನೆಲದಲ್ಲಿ ಲಕ್ಷಾಂತರ ವರ್ಷ ಹುದುಗಿದ್ದ ಇಂಧನದಲ್ಲಿ ಅದು ಅಳಿದುಹೋಗಿರುತ್ತದೆ. ನಿನ್ನೆ ಮೊನ್ನೆ ಕಡಿದ ಸೌದೆಯಲ್ಲಿ ಉಳಿದಿರುತ್ತದೆ. ಗುಸ್ತಾಫ್ಸನ್ ಮತ್ತು ಸಂಗಡಿಗರು ಪುಣೆಯ ಬಳಿಯ ಸಿಂಹಗಡದಲ್ಲಿಯೂ ಮಾಲ್ಡೀವ್ಸ್‌ನ ಹನಿಮಾಧೂವಿನಲ್ಲಿಯೂ ಚಳಿಗಾಲದ ಕಣಗಳನ್ನು ಪರೀಕ್ಷಿಸಿ, ಇಂಗಾಲಯುಕ್ತ ಕಣಗಳಲ್ಲಿ ಮೂರರಲ್ಲಿ ಎರಡು ಪಾಲು ಸೌದೆ, ಸಗಣಿ, ಕೃಷಿಯ ಕಸ ಮೊದಲಾದ ಜೈವಿಕ ವಸ್ತುಗಳ ದಹನದಿಂದ ಬಂದುದೆಂದು ೨೦೦೯ರಲ್ಲಿ ಪ್ರಕಟಿಸಿದರು.

ಇಲ್ಲಿಯೂ ಎಚ್ಚರ ಬೇಕು. ಇಂಗಾಲ-೧೪ ಹಳೆಯ ಇಂಗಾಲವನ್ನೂ ಹೊಸದನ್ನೂ ವಿಂಗಡಿಸಬಲ್ಲುದೇ ಹೊರತು, ಅಡುಗೆಯ ಒಲೆಯನ್ನೂ ಕಾಡುಗಿಚ್ಚನ್ನೂ ವಿಂಗಡಿಸಲಾರದು. ಅಲ್ಲದೆ ಇದು ಕಣಗಳ ಲೆಕ್ಕ ಮಾತ್ರ. ಇಂಗಾಲದ ಡೈಆಕ್ಸೈಡಿನ ಲೆಕ್ಕವೇ ಬೇರೆ. ಆದುದರಿಂದ ಈ ಮೂರರಲ್ಲಿ ಎರಡು ಪಾಲನ್ನು ಹಿಡಿದು, ಭೂಮಿಯ ತಾಪಕ್ಕೆಲ್ಲ ಬಡವರ ಒಲೆಯೇ ಹೊಣೆಯೆಂದು ವಾದಿಸುವುದು ಅನ್ಯಾಯ. ಒಲೆಯ ಹೊಗೆಯಿಂದ ಮೊದಲು ಕೆಡುವುದು ಅದರ ಮುಂದೆ ಕುಳಿತವಳ ಕಣ್ಣು, ಶ್ವಾಸಕೋಶ. ಆಕೆ ಆರೋಪಿಯಾಗುವುದಕ್ಕೆ ಮೊದಲೇ ಬಾಧಿತಳು.

ಅರಂತೋಡಿಗೇ ಮರಳಿ ಬರೋಣ. ೧೯೯೯ರ ಕೊನೆಯಲ್ಲಿ ಹಾರಿಸಿದ ಟೆರಾ ಉಪಗ್ರಹದ ಮೋಡಿಸ್ ಉಪಕರಣದ ಮೂಲ ಕಣನಕ್ಷೆಯಲ್ಲಿ ಒಂದು ಚೌಕದ ಬದಿ ಸುಮಾರು ೧೦ ಕಿಲೋಮೀಟರು. ಅಂಥ ಒಂದು ಚೌಕದಲ್ಲಿ ತೋಟ, ಕಾಡು, ಪೇಟೆ, ಹೆದ್ದಾರಿಗಳೆಲ್ಲ ಒಂದೇ ಅಂಕಿಯಾಗುತ್ತವೆ. ಮಳೆಗಾಲದಲ್ಲಿ ಮೋಡ ಮುಚ್ಚಿದರೆ ಆ ಅಂಕಿಯೂ ಇಲ್ಲ. ಊರಿನ ಕಾಲೇಜುಗಳು ಮಾಡಬಹುದಾದ ಕೆಲಸ ಇಲ್ಲಿದೆ. ಯಾವ ದಿನ, ಯಾವ ಹೊತ್ತು, ಯಾವ ಗಾಳಿ, ಯಾವ ಮನೆಯಲ್ಲಿ ಯಾವ ಇಂಧನ ಎಂಬುದನ್ನು ವಿದ್ಯಾರ್ಥಿಗಳು ವರ್ಷವಿಡೀ ಬರೆದಿಟ್ಟರೆ, ಅದು ಆಕಾಶದ ಅಂಕಿಯನ್ನು ತಾಳೆನೋಡಲು ನೆಲದ ಕಡತವಾಗುತ್ತದೆ. ಅಂಥ ಕಡತವಿಲ್ಲದ ಊರಿನ ಹೊಗೆಯ ಕಥೆಯನ್ನು ದೂರದವರು ತಮಗೆ ತೋಚಿದಂತೆ ಬರೆಯುವರು.