ಅಪ್ಪ ಕಂಡದ್ದು, ಮಗ ಬರೆದದ್ದು

ನನ್ನ ಹತ್ತಿರ ಇರುವುದು ಅವೆನ್ಯೂ ರಸ್ತೆಯಲ್ಲಿ ಸಿಕ್ಕ ಹಳೆ ಪ್ರತಿ. ಮೊದಲು ಓದಿದ ಪುಣ್ಯಾತ್ಮರು ಕೆಂಪು ಪೆನ್ಸಿಲಿನಲ್ಲಿ ಪುಟಪುಟಕ್ಕೂ ಗೆರೆ ಎಳೆದಿದ್ದಾರೆ. ಮೈಕೆಲ್ ಡಾರಿಸ್‌ನ ‘ದಿ ಬ್ರೋಕನ್ ಕಾರ್ಡ್’ ಅಂಥ ಪುಸ್ತಕವೇ. ಬಸುರಿ ಕುಡಿದರೆ ಮಗುವಿಗೆ ಏನಾಗುತ್ತದೆ ಎಂದು ಯಾರು ಬರೆಯಹೊರಟರೂ ಇದನ್ನು ನೆನೆಯದೆ ಮುಂದೆ ಹೋಗುವುದಿಲ್ಲ. 1989ರಲ್ಲಿ ಬಂತು, ಅಮೆರಿಕದ ವಿಮರ್ಶಕರ ವಲಯದ ಪ್ರಶಸ್ತಿ ಗೆದ್ದಿತು, ಟಿವಿ ಸಿನಿಮಾ ಆಯಿತು. ಮೊದಲ ಓದಿಗೆ ನಾನೂ ಕಣ್ಣೊರೆಸಿಕೊಂಡವನೇ. ಎರಡನೆಯ ಓದಿಗೆ ಕಣ್ಣು ಒಣಗಿತ್ತು. ಅದರಿಂದ ಅಕ್ಷರ ಸ್ಪಷ್ಟವಾಗಿ ಕಂಡಿತು.

ಕಥೆ ಗೊತ್ತಿರುವುದೇ. 1971ರಲ್ಲಿ, ಇನ್ನೂ ಮದುವೆಯಾಗದ ಮಾನವಶಾಸ್ತ್ರದ ಮೇಷ್ಟ್ರು ಡಾರಿಸ್ ದಕ್ಷಿಣ ಡಕೋಟಾದ ಮೂರು ವರ್ಷದ ಮೂಲನಿವಾಸಿ ಹುಡುಗನೊಬ್ಬನನ್ನು ದತ್ತು ತೆಗೆದುಕೊಂಡ. ಪುಸ್ತಕದಲ್ಲಿ ಅವನ ಹೆಸರು ಆಡಂ. ಹುಡುಗನಿಗೆ ಕಲಿಕೆ ನಿಧಾನ, ಜೊತೆಗೆ ಫಿಟ್ಸ್. ದುಡ್ಡಿನ ಲೆಕ್ಕ ಹತ್ತದು, ನಿನ್ನೆ ಕಲಿತದ್ದು ಇಂದು ಇರದು. ಅಕ್ಕರೆಯಿಂದ ಸಾಕಿ ಒಳ್ಳೆಯ ಶಾಲೆಗೆ ಹಾಕಿದರೆ ಎಲ್ಲ ಸರಿಹೋದೀತೆಂದು ಅಪ್ಪ ವರ್ಷಗಟ್ಟಲೆ ನಂಬಿದ. ಹೆತ್ತವಳು ಕುಡಿತದಿಂದಲೇ ಸತ್ತವಳು.

ಇಡೀ ಪುಸ್ತಕ ತಿರುಗುವುದು ದಕ್ಷಿಣ ಡಕೋಟಾದ ಮೂಲನಿವಾಸಿಗಳ ಮೀಸಲು ಪ್ರದೇಶ ಪೈನ್ ರಿಡ್ಜ್‌ನ ಒಂದು ದೃಶ್ಯದ ಮೇಲೆ. ಅಲ್ಲಿನ ವ್ಯಸನಮುಕ್ತಿ ಕೇಂದ್ರಕ್ಕೆ ಹೋದ ಡಾರಿಸ್‌ಗೆ, ತಾಯಿಯ ಕುಡಿತದಿಂದ ಬಸಿರಿನಲ್ಲೇ ಪೆಟ್ಟು ತಿಂದ ಮೂವರು ಹುಡುಗರು ಕಾಣುತ್ತಾರೆ. ಮೂವರೂ ಥೇಟ್ ಆಡಂ. ಪರ್ಸಿನಿಂದ ಮಗನ ಫೋಟೋ ತೆಗೆದು ಕೇಂದ್ರದವರಿಗೆ ತೋರಿಸುತ್ತಾನೆ. ಅವರು ನೋಡಿ, ಇವನಿಗೂ ಅದೇ, ಎನ್ನುವ ಅರ್ಥದಲ್ಲಿ ತಲೆಯಾಡಿಸಿ ಫೋಟೋ ಹಿಂದಿರುಗಿಸುತ್ತಾರೆ. ಅಷ್ಟೇ. ಕಾದಂಬರಿಕಾರನ ಕೈಚಳಕ ಇದು. ವರ್ಷಗಳ ಒಗಟು ಒಂದು ಫೋಟೋ ಕೈಯಿಂದ ಕೈಗೆ ದಾಟುವಷ್ಟರಲ್ಲಿ ಬಿಡಿಸಿಕೊಳ್ಳುತ್ತದೆ. ನನ್ನ ಪ್ರತಿಯಲ್ಲಿ ಈ ಪುಟಕ್ಕೆ ಎರಡೆರಡು ಗೆರೆ.

ನನಗೆ ತಕರಾರಿರುವುದೂ ಇಲ್ಲೇ. ದೃಶ್ಯ ನಿಂತಿರುವುದು ಮುಖಚಹರೆಯ ಮೇಲೆ: ಚಿಕ್ಕ ಕಣ್ಣು, ತೆಳು ಮೇಲ್ದುಟಿ, ಮೂಗಿನ ಕೆಳಗೆ ಮಾಸಿದ ಗೆರೆ. 1968ರಲ್ಲಿ ಫ್ರಾನ್ಸಿನ ನಾಂತ್‌ನಲ್ಲಿ ಪಾಲ್ ಲೆಮ್ವಾನ್ 127 ಮಕ್ಕಳನ್ನು ನೋಡಿ ಬರೆದದ್ದರಲ್ಲಿ, 1973ರಲ್ಲಿ ಸಿಯಾಟಲ್‌ನ ಜೋನ್ಸ್ ಮತ್ತು ಸ್ಮಿತ್ ‘ಫೀಟಲ್ ಆಲ್ಕೊಹಾಲ್ ಸಿಂಡ್ರೋಮ್’ ಎಂದು ಹೆಸರಿಟ್ಟದ್ದರಲ್ಲಿ, ಈ ಮುಖಲಕ್ಷಣಕ್ಕೆ ದೊಡ್ಡ ಪಾತ್ರವಿತ್ತು. ಆದರೆ ಹೆಂಡದ ಪೆಟ್ಟು ಮುಖದ ಮೇಲೆ ಅಚ್ಚಾಗುವುದು ಬಸಿರಿನ ಆರಂಭದ ಕೆಲವೇ ದಿನಗಳಲ್ಲಿ. ಮಿದುಳು ಬೆಳೆಯುವುದು ಒಂಬತ್ತು ತಿಂಗಳೂ. ಮಾಸು ಮದ್ಯವನ್ನು ತಡೆಯುವುದಿಲ್ಲ, ಎಳೆ ಪಿಂಡದ ಲಿವರ್ ಅದನ್ನು ಕರಗಿಸಲಾರದು. ಹಾಗಾಗಿ ಮುಖದಲ್ಲಿ ಏನೂ ಕಾಣದೆ ಮಿದುಳಿಗೆ ಮಾತ್ರ ಏಟು ತಿಂದ ಮಕ್ಕಳೇ ಹೆಚ್ಚು. ಫೋಟೋ ನೋಡಿ ಗುರುತು ಹಿಡಿಯುವ ಈ ದೃಶ್ಯದಲ್ಲಿ ಆ ಮಕ್ಕಳಿಗೆ ಜಾಗವೇ ಇಲ್ಲ. ಜೊತೆಗೆ ಆಡಂನ ಹಠ, ಮರೆವು, ಗೆಳೆಯರಿಲ್ಲದಿರುವುದು ಎಲ್ಲವೂ ಅಲ್ಲಿಂದ ಮುಂದೆ ಒಂದೇ ಫೈಲಿಗೆ ಸೇರುತ್ತವೆ. ಒಳಗೆ ಹೋದ ಹುಡುಗ ಹೊರಗೆ ಬರುವಾಗ ಕೇಸು.

ಕೇಸೆಂದ ಮೇಲೆ ಆರೋಪಿ ಬೇಕಲ್ಲ. ಕುಡಿಯುವ ಬಸುರಿಯರನ್ನು ಹೆರಿಗೆಯವರೆಗೆ ಕೂಡಿಹಾಕಬೇಕೆಂಬ ಮಾತು ಪೈನ್ ರಿಡ್ಜ್‌ನಲ್ಲಿ ಕೇಳಿಬರುತ್ತದೆ. ಡಾರಿಸ್ ಹಿಂದೆಮುಂದೆ ನೋಡುತ್ತಲೇ ಅದರತ್ತ ವಾಲುತ್ತಾನೆ. ಮುನ್ನುಡಿಯಲ್ಲಿ ಹೆಂಡತಿ ಲೂಯಿಸ್ ಅರ್ಡ್ರಿಕ್, ತಾನು ಕುಡಿಯುತ್ತಿದ್ದ ಕಾಲದಲ್ಲಿ ಬಸುರಾಗಿದ್ದರೆ ಒಂಬತ್ತು ತಿಂಗಳ ಸೆರೆಯನ್ನೇ ಒಪ್ಪುತ್ತಿದ್ದೆ ಎಂಬರ್ಥದ ಮಾತು ಬರೆಯುತ್ತಾಳೆ. ಬೇರೆಯವಳ ಜೈಲಿಗೆ ತಾನು ಸಹಿ ಹಾಕಿದ ಹಾಗೆ.

ಇದಕ್ಕೆ ಸ್ತ್ರೀವಾದಿ ಲೇಖಕಿ ಕೇಥಾ ಪಾಲಿಟ್ 1990ರಲ್ಲೇ ಆಕ್ಷೇಪ ಎತ್ತಿದಳು. ಸ್ವತಃ ಡಕೋಟಾ ಜನಾಂಗದ ಲೇಖಕಿ ಎಲಿಜಬೆತ್ ಕುಕ್-ಲಿನ್, ಬುಡಕಟ್ಟಿನ ಹೆಂಗಸರನ್ನು ಅಪರಾಧಿಗಳಾಗಿಸುವ ಧೋರಣೆಯನ್ನು ಕಟುವಾಗಿ ಹಿಡಿದಳು. ಇಬ್ಬರೂ ಸರಿ. ಜೈಲಿನ ಭಯವಿದ್ದರೆ ಆಸ್ಪತ್ರೆಯ ಮೆಟ್ಟಿಲು ಹತ್ತುವವಳು ಯಾರು? ಆದರೆ ಇವರ ಹಿಂಬಾಲಕರು ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಪಾಯವೇ ಉತ್ಪ್ರೇಕ್ಷೆ, ಒಂದು ಗ್ಲಾಸ್ ವೈನಿಗೆ ಇಷ್ಟೊಂದು ಗುಲ್ಲೇಕೆ ಎನ್ನುತ್ತಾರಲ್ಲ, ಅದು ಶುದ್ಧ ಹಗುರ ಮಾತು. ಕುಡಿದವಳ ಮಗುವಿಗೆಲ್ಲ ಒಂದೇ ಪ್ರಮಾಣದ ಹಾನಿಯಾಗದು, ನಿಜ. ಎಷ್ಟು, ಯಾವಾಗ, ಹೊಟ್ಟೆಗೆ ಊಟವಿತ್ತೇ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಆದರೆ ಇಷ್ಟು ಕುಡಿದರೆ ಚಿಂತೆಯಿಲ್ಲ ಎಂಬ ಗೆರೆ ಇವತ್ತಿಗೂ ಸಿಕ್ಕಿಲ್ಲ. ಅಮೆರಿಕದ ಬಾಟಲಿಗಳ ಮೇಲೆ 1989ರಿಂದ ಬಸುರಿಯರಿಗೆ ಎಚ್ಚರಿಕೆ ಇದೆ. ನಮ್ಮ ಬಾಟಲಿ ಕುಡಿತ ಆರೋಗ್ಯಕ್ಕೆ ಹಾನಿಕರ, ಕುಡಿದು ಗಾಡಿ ಓಡಿಸಬೇಡಿ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ.

ಇನ್ನೊಂದು ಪಂಗಡವಿದೆ: ಎಷ್ಟೋ ಮಕ್ಕಳನ್ನು ಉಳಿಸಿದ ಪುಸ್ತಕ, ಇದರಲ್ಲಿ ಕಲೆ ಹುಡುಕಬೇಡಿ ಎನ್ನುವವರು. ನಮ್ಮಲ್ಲೂ ಇವರಿಗೆ ಬರವಿಲ್ಲ. ಆಶಯ ದೊಡ್ಡದೆಂದು ಸಾಧಾರಣ ಬರಹಕ್ಕೆಲ್ಲ ಶಾಲು ಹೊದಿಸುವುದು ಹಳೆಯ ಚಾಳಿ. ಡಾರಿಸ್ 1997ರಲ್ಲಿ ಆತ್ಮಹತ್ಯೆ ಮಾಡಿಕೊಂಡ ಮೇಲೆ, ಅವನ ಬದುಕಿನಿಂದ ಪುಸ್ತಕವನ್ನು ಅಳೆಯುವವರೂ ಬಂದರು. ಈ ಗಲಾಟೆಯಲ್ಲಿ ಎಲ್ಲರೂ ಹಾರಿಸಿಬಿಡುವುದು ಕೊನೆಯ ಭಾಗವನ್ನು.

ಅದು ಆಡಂ ಬರೆದದ್ದು. ತನ್ನ ಬದುಕಿನ ಕಥೆಯನ್ನು ತಾನೇ ಬರೆದಿದ್ದಾನೆ. ಕಾಗುಣಿತದ ತಪ್ಪುಗಳನ್ನೂ ತಿದ್ದದೆ ಅಪ್ಪ ಹಾಗೇ ಅಚ್ಚು ಹಾಕಿಸಿದ್ದಾನೆ. ಈ ಒಂದು ಕೆಲಸಕ್ಕೆ ಡಾರಿಸ್‌ಗೆ ನನ್ನ ಪೂರ್ತಿ ಅಂಕ. ಅಪ್ಪನ ವಾಕ್ಯದಲ್ಲಿ ಕಾರಣವಿಲ್ಲದೆ ಎಲೆಯೂ ಅಲುಗದು, ಮಗನ ವಾಕ್ಯದಲ್ಲಿ ಒಂದಾದ ಮೇಲೊಂದು ನಡೆಯುತ್ತದೆ ಅಷ್ಟೆ. ಹಿಂದುಮುಂದು ಜೋಡಿಸಲಾರ ಎಂದು ಅಪ್ಪ ಪುಸ್ತಕದುದ್ದಕ್ಕೂ ಮರುಗಿದ ಹುಡುಗ ಇಲ್ಲಿ ಒಂದೇ ಪಟ್ಟಿನಲ್ಲಿ ತನ್ನ ಕಥೆ ಹೇಳಿ ಮುಗಿಸುತ್ತಾನೆ. ಅಪ್ಪನ ವಾದಕ್ಕೆ ಇದು ಸಾಕ್ಷಿಯೋ ಪಾಟೀಸವಾಲೋ ಎಂಬುದನ್ನು ಡಾರಿಸ್ ಕೇಳಿಕೊಳ್ಳುವುದಿಲ್ಲ. ಕೇಳಿಕೊಂಡಿದ್ದರೆ ಹಿಂದಿನ ಅಧ್ಯಾಯಗಳನ್ನು ತಿದ್ದಿ ಬರೆಯಬೇಕಾಗುತ್ತಿತ್ತು.

1991ರಲ್ಲಿ ಕಾರು ಬಡಿದು ಆಡಂ ಸತ್ತ. ಅವನ ಪುಟಗಳಲ್ಲಿ ನನ್ನ ಪ್ರತಿಯ ಕೆಂಪು ಪೆನ್ಸಿಲು ಒಂದು ಗೆರೆಯನ್ನೂ ಎಳೆದಿಲ್ಲ.